ಕಪ್ಪು ಎರಡು

ಮಿರಜದ ಸ್ಟೇಷನ್ನಿನಿಂದ ತಂಬೂರಿ ಮಾಡುವವರ ಓಣಿಗೆ ಹತ್ತು ನಿಮಿಷದ ದಾರಿ. ಪದ್ಮಾಕರ ಕರಂಬೇಳಕರ ಅದನ್ನು ಮುಕ್ಕಾಲು ಗಂಟೆ ನಡೆದ. ನಡುವೆ ಎರಡು ಸಲ ಚಹಾ ಕುಡಿದ, ಬೇಡದ ಭಡಂಗ ಚುರುಮುರಿಯ ಪೊಟ್ಟಣವೊಂದನ್ನು ಕೊಂಡ, ದರ್ಗಾದ ಹತ್ತಿರ ಚಪ್ಪಲಿಯ ಉಂಗುಟ ಹೊಲಿಸಿಕೊಂಡ. ಅದು ಕಿತ್ತಿರಲಿಲ್ಲ, ಕೀಳಬಹುದು ಎಂಬ ಅನುಮಾನವಿತ್ತು ಅಷ್ಟೆ. ಹಾಗೆ ನೋಡಿದರೆ ಹೆದರುವುದಕ್ಕೆ ಏನೂ ಇರಲಿಲ್ಲ. ಎಂಟು ತಿಂಗಳ ಹಿಂದೆ ಹೇಳಿಟ್ಟುಹೋಗಿದ್ದ ತಂಬೂರಿ ತಯಾರಾಗಿದೆ ಎಂದು ದಸ್ತಗೀರಚಾಚಾನ ಕಾರ್ಡು ಬಂದಿತ್ತು. ಹೋಗುವುದು, ಎತ್ತಿಕೊಳ್ಳುವುದು, ಮಧ್ಯಾಹ್ನದ ಪ್ಯಾಸೆಂಜರ್ ಹಿಡಿದು ಸಾತಾರೆಗೆ ಮರಳುವುದು. ತಂಬೂರಿ ಹೊರುವುದು ಅವನಿಗೇನು ಹೊಸತೇ? ಇಪ್ಪತ್ತಾರು ವರ್ಷ ಅವನು ಮಾಡಿದ್ದು ಅದೊಂದನ್ನೇ. ಪಂಡಿತ ನರಹರಿಬುವಾ ಟಿಕೇಕರರ ಹಿಂದೆ, ಎಡಕ್ಕೆ, ಕಾಲು ಮಡಚಿ ಕೂತು ನಾಲ್ಕು ತಂತಿ ಮೀಟುತ್ತ ಮೀಟುತ್ತ ಅವನು ಐವತ್ತನಾಲ್ಕರ ಗಂಡಸಾಗಿದ್ದ. ಆ ವರ್ಷಗಳ ಫೋಟೋಗಳೆಲ್ಲ ಮನೆಯ ಟ್ರಂಕಿನಲ್ಲಿವೆ. ಪ್ರತಿಯೊಂದರಲ್ಲೂ ತಂಬೂರಿಯ ದಂಡಿ ಅವನ ಮುಖದ ನಟ್ಟನಡುವೆ ಹಾದುಹೋಗಿದೆ. ಒಂದರಲ್ಲಿ ಮಾತ್ರ ಎಡಗಿವಿ ಚೆನ್ನಾಗಿ ಬಂದಿದೆ. ಪತ್ರಿಕೆಯವರು ಕೊನೆಯ ಸಾಲಿನಲ್ಲಿ ‘ತಂಬೂರಿ: ಪ. ಕರಂದೀಕರ’ ಎಂದು ಹಾಕುತ್ತಾರೆ. ಮೊದಮೊದಲು ಅವನು ತಿದ್ದುಪಡಿಯ ಕಾಗದ ಬರೆಯುತ್ತಿದ್ದ. ಆಮೇಲೆ, ಆ ಕರಂದೀಕರನೂ ಎಲ್ಲೋ ಇದ್ದಾನು, ಪಾಪ, ಅವನ ಹೆಂಡತಿಯಾದರೂ ಓದಿ ಖುಷಿಪಡಲಿ ಎಂದು ಬಿಟ್ಟುಬಿಟ್ಟ.

ಅವನ ಹೆಂಡತಿ ನಲಿನಿ ಅಷ್ಟು ಉದಾರಿಯಾಗಿರಲಿಲ್ಲ. ಬುವಾರಿಗೆ ಎಪ್ಪತ್ತೈದು ತುಂಬುತ್ತದೆ, ಅಮೃತ ಮಹೋತ್ಸವ ಮಾಡಬೇಕು, ಅಂದು ಬೆಳಗಿನಿಂದ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಹಾಡಬೇಕು, ಸಂಜೆ ಬುವಾ ತಾವೇ ಹಾಡಬೇಕು ಎಂದು ಕಳೆದ ವರ್ಷವೇ ಒಂದು ಸಮಿತಿ ಆಯಿತು. ಹಾಡುವವರ ಪಟ್ಟಿಯಲ್ಲಿ ಪದ್ಮಾಕರ ಇರಲಿಲ್ಲ. ಇದ್ದೇನೆಂದು ಅವನೂ ಅಂದುಕೊಂಡಿರಲಿಲ್ಲ. ನಲಿನಿ ಒಂದು ಸಂಜೆ ಸೀರೆ ಬದಲಿಸಿ, ಕಾರ್ಯದರ್ಶಿ ಘಾಟೆ ವಕೀಲರ ಮನೆಗೆ ಹೋಗಿ, ವಕೀಲರ ಹೆಂಡತಿಯ ಜೊತೆ ಅರ್ಧ ಗಂಟೆ ಕೂತು ಎದ್ದು ಬಂದಳು. ಮರುವಾರ ಪಟ್ಟಿಯ ತಲೆಯ ಮೇಲೆ ಅವನ ಹೆಸರಿತ್ತು: ಬೆಳಿಗ್ಗೆ ಏಳು ಗಂಟೆಗೆ, ಹತ್ತು ನಿಮಿಷ ಮಾತ್ರ. “ಆ ಹೊತ್ತಿನ್ಯಾಗ ಅಲ್ಲಿ ಜಮಖಾನಿ ಹಾಸವ್ರು ಬಿಟ್ರ ಯಾರ ಇರ್ತಾರ” ಎಂದು ಅವನು ಗೊಣಗಿದ. “ಹಾಸವ್ರೂ ಕಿವಿ ಮನ್ಯಾಗ ಇಟ್ಟು ಬಂದಿರಂಗಿಲ್ಲ. ಹಾಡ್ರಿ,” ಎಂದಳು ನಲಿನಿ. “ಬಚ್ಚಲದಾಗ ನೀವು ಹಾಡೂದು ಮದುವಿ ಆದಾಗಿಂದ ಕೇಳೀನಿ. ಆ ದನಿ ಒಂದ ಸಲ ಹೊರಗ ಬರ್ಲಿ. ಇಲ್ಲಾಂದ್ರ ಓಣಿಯವ್ರು ಕೇಳಿದ್ರ ನಾ ಏನು ಹೇಳ್ಲಿ, ನಮ್ಮನಿಯವ್ರು ಬುರುಡಿ ಹಿಡಕೊಂಡು ಕೂಡ್ತಾರ ಅಂತ ಹೇಳ್ಲೇನು?” ಹಾಡಲು ತಂಬೂರಿ ಬೇಕು. ಬುವಾರ ತಂಬೂರಿ ಬುವಾರಿಗೆ ಮಾತ್ರ; ಅದನ್ನು ಇಪ್ಪತ್ತಾರು ವರ್ಷ ಹೊತ್ತವನಿಗೂ ಅದರ ಜೊತೆ ಹಾಡುವ ಹಕ್ಕಿಲ್ಲ, ಹೊರುವ ಹಕ್ಕು ಮಾತ್ರ ಧಾರಾಳವಾಗಿದೆ. ಹೀಗಾಗಿ ಅವನು ಎಂಟು ತಿಂಗಳ ಹಿಂದೆ ಮಿರಜಕ್ಕೆ ಬಂದು, ಜೀವಮಾನದಲ್ಲಿ ಮೊದಲ ಸಲ, ತನಗಾಗಿ ಒಂದು ತಂಬೂರಿ ಹೇಳಿದ್ದ.

ಹೇಳುವಾಗಲೇ ಎಡವಟ್ಟಾಗಿತ್ತು. ದಸ್ತಗೀರಚಾಚಾ ವಹಿ ತೆಗೆದು, ಕನ್ನಡಕ ಏರಿಸಿ, “ಶ್ರುತಿ ಯಾವುದ್ರೀ?” ಎಂದಿದ್ದ. ಹಾರ್ಮೋನಿಯಮ್ಮಿನ ಯಾವ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುತ್ತೀರಿ ಎಂದು ಆ ಮಾತಿನ ಅರ್ಥ. ಅದಕ್ಕೆ ತಕ್ಕ ಬುರುಡೆ, ತಕ್ಕ ದಂಡಿ, ತಕ್ಕ ತಂತಿ. ಪದ್ಮಾಕರನ ಬಾಯಿ ತಾನಾಗಿ “ಕಪ್ಪು ಎರಡು” ಎಂದಿತು, ಎಂದರೆ ಎರಡನೆಯ ಕರಿಯ ಮನೆ. ಚಾಚಾ ಬರೆದುಕೊಂಡ. ಮರಳುವ ದಾರಿಯಲ್ಲಿ, ಕರಾಡ ದಾಟಿದ ಮೇಲೆ, ಕಿಟಕಿಯಲ್ಲಿ ಕಬ್ಬಿನ ಗದ್ದೆ ನೋಡುತ್ತಿದ್ದವನಿಗೆ ತಪ್ಪು ಹೊಳೆಯಿತು. ಕಪ್ಪು ಎರಡು ಬುವಾರ ಶ್ರುತಿ. ಮನೆ ಎಲ್ಲಿ ಎಂದು ಕೇಳಿದರೆ ಆಫೀಸಿನ ವಿಳಾಸ ಹೇಳಿದ ಹಾಗಾಗಿತ್ತು. ಒಂದು ಕಾರ್ಡು ಬರೆದು ತಿದ್ದಬಹುದಿತ್ತು. ಕರಂದೀಕರನ ಕಾಲದಲ್ಲಿ ಅಷ್ಟೊಂದು ಕಾರ್ಡು ಬರೆದ ಕೈ ಈ ಎಂಟು ತಿಂಗಳಲ್ಲಿ ಒಂದನ್ನೂ ಬರೆಯಲಿಲ್ಲ. ಬರೆಯಬೇಕಾದರೆ ತನ್ನ ಶ್ರುತಿ ಯಾವುದೆಂದು ಬರೆಯಬೇಕಲ್ಲ. ಅದು ಅವನಿಗೆ ಗೊತ್ತಿರಲಿಲ್ಲ. ಸಂಗೀತದ ಗಂಧವಿಲ್ಲದ ಯಾವುದೋ ಆಫೀಸಿನ ಜವಾನನಿಗೆ ಗೊತ್ತಿಲ್ಲದಿದ್ದರೆ ಅದೊಂದು ಮಾತು. ಇಪ್ಪತ್ತಾರು ವರ್ಷ ಗಾಯಕನೊಬ್ಬನ ಮಗ್ಗುಲಲ್ಲಿ ಕೂತವನು, ನನ್ನ ದನಿ ಎಲ್ಲಿ ಕೂಡುತ್ತದೋ ನನಗೆ ತಿಳಿಯದು ಎಂದು ಯಾವ ಮುಖದಿಂದ ಬರೆದಾನು?

ಅಂಗಡಿಯಲ್ಲಿ ತಂಬೂರಿ ಚಾಪೆಯ ಮೇಲೆ ಮಲಗಿತ್ತು. ಹೊಸ ಬಣ್ಣದ ವಾಸನೆ, ಹೊಟ್ಟೆಯ ಸುತ್ತ ಬಿಳಿಯ ಎಲೆಬಳ್ಳಿ, ಜೇನಿನ ಬಣ್ಣದ ಬುರುಡೆ. ಪದ್ಮಾಕರನಿಗೆ ಎದೆ ತುಂಬಿ ಬಂತು, ಅದನ್ನು ಮುಚ್ಚಿಕೊಳ್ಳಲು ಬುರುಡೆಯನ್ನು ಸಂತೆಯಲ್ಲಿ ಕಲ್ಲಂಗಡಿ ನೋಡುವವರ ಹಾಗೆ ಬೆರಳಿನಿಂದ ಎರಡು ಸಲ ಬಡಿದ. ಚಾಚಾ ಎಪ್ಪತ್ತರ ಮುದುಕ, ಗಡ್ಡದ ತುಂಬ ಮರದ ಹುಡಿ. ಅವನು ತಂತಿ ಬಿಗಿದು, ತಂತಿ ಹಾಯುವ ಕುದುರೆಯ ಮೇಲೆ ಒಂದೊಂದರ ಕೆಳಗೂ ಜೀವಾಳಿಯ ದಾರ ತೂರಿಸಿ, ಅತ್ತ ಒಂದೆಳೆ ಇತ್ತ ಒಂದೆಳೆ ಸರಿಸುತ್ತ ಕಣ್ಣು ಮುಚ್ಚಿ ಕೇಳಿದ. ದನಿ ಬಿಚ್ಚಿಕೊಂಡಿತು. ಆಮೇಲೆ ಕೈ ತೆಗೆದು ಹಿಂದೆ ಸರಿದು ಕೂತ.

“ಹೂಂ, ಈಗ ನಿಮ್ಮ ‘ಸಾ’ ಕೊಡ್ರಿ.”

“ನಂದಾ? ಅದ್ಯಾಕ್ರಿ ಚಾಚಾ, ಛಲೋನ ಆಗೇತಲ್ಲ.”

“ಛಲೋ ಆಗಿದ್ದು ನನ್ನ ಕಿವಿಗೆ. ನಿಮ್ಮ ಕೊಳ್ಳಿಗೆ ಆಗೇತೋ ಇಲ್ಲೋ ನೋಡಬ್ಯಾಡೇನು? ದರ್ಜಿ ಅಂಗಿ ಹಾಕಿ ನೋಡದ ಕಳಸ್ತಾನೇನ್ರಿ? ನಮ್ಮಪ್ಪನ ಕಾಲದಿಂದ ಈ ಹೊಸ್ತಲಾ ದಾಟಿದ ತಂಬೂರಿಯೆಲ್ಲ ಧಣ್ಯಾರ ದನಿ ಕೇಳೇ ದಾಟ್ಯಾವು. ಹಾಡ್ರಿ.”

ಪಡಸಾಲೆಯಲ್ಲಿ ಮೂವರು ಕೆಲಸಗಾರರು ದಂಡಿ ಕೆತ್ತುತ್ತಿದ್ದರು. ಪದ್ಮಾಕರ ಗಂಟಲು ಸರಿಪಡಿಸಿಕೊಂಡ, ಇನ್ನೊಮ್ಮೆ ಸರಿಪಡಿಸಿಕೊಂಡ. ಬುವಾರ ಒಂದು ಹಳೆಯ ನಗೆಮಾತು ಕಿವಿಯಲ್ಲಿ ಸುಳಿಯಿತು. ಯಾರೋ ದೊಡ್ಡ ಮನುಷ್ಯರು, ನಿಮ್ಮ ಈ ಶಿಷ್ಯ ಹಾಡುವುದಿಲ್ಲವೇ ಎಂದು ಕೇಳಿದ್ದಕ್ಕೆ ಬುವಾ, “ಪದ್ಮಾ ಏನ್ರಿ, ತಂಬೂರಿಗೆ ಐದನೇ ತಂತಿ ಇದ್ದಂಗ. ಐದನೇದು ಮೀಟಿದ್ರ ಉಳಿದ ನಾಲ್ಕೂ ಮುನಸ್ಕೋತಾವ” ಎಂದಿದ್ದರು. ಎಲ್ಲರೂ ನಕ್ಕರು. ಪದ್ಮಾಕರ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಿದ್ದ, ಅದೇ ಈಗ ನೆನೆದರೆ ಉರಿಯುವುದು. ಅವನು ಬಾಯಿ ತೆರೆದ. ಕಪ್ಪು ಎರಡರ ಷಡ್ಜ ಅವನ ಕತ್ತಿನ ನರ ಹಿಡಿದು ಮೇಲೆ ಹತ್ತಿತು, ಹಿಮ್ಮಡಿ ಎತ್ತಿ ಅಟ್ಟದ ಡಬ್ಬಿಗೆ ಕೈ ಹಾಕಿದವರ ಹಾಗೆ ತುಸು ಹೊತ್ತು ನಡುಗುತ್ತ ನಿಂತಿತು, ಇಳಿಯಿತು. ಕೆತ್ತುವ ಸಪ್ಪಳ ನಿಂತಿತ್ತು. ಕೆಲಸಗಾರರಲ್ಲೊಬ್ಬ ಉಳಿಯ ಮೊನೆಯನ್ನು ಬಹಳ ಆಸ್ಥೆಯಿಂದ ಪರೀಕ್ಷಿಸತೊಡಗಿದ.

“ಯಾರ ದನಿರೀ ಇದು?” ಎಂದ ಚಾಚಾ.

“ನಂದ ಅಲ್ಲೇನು ಮತ್ತ.”

“ಕರಂಬೇಳಕರ, ನೀವು ಮಾತಾಡೂದು ಕೆಳಗ, ಹಾಡೂದು ಮ್ಯಾಲ. ನಡುವಿನ ಮೆಟ್ಟಲಾ ಯಾರು ಕಿತ್ಕೊಂಡು ಹೋದ್ರು? ನೀವು ಕಪ್ಪು ಒಂದರ ಮನಷಾ ಅದೀರಿ. ನೀವು ಬಾಗಲದಾಗ ನಿಂತು ‘ಚಾಚಾ’ ಅಂದ್ರಲ್ಲ, ಅದ ಕಪ್ಪು ಒಂದು. ಅಲ್ಲಾ, ಇಷ್ಟು ವರ್ಷ ಹಾಡಾಕತ್ತೀರಿ, ಯಾರೂ ಹೇಳಲಿಲ್ಲೇನು?”

ಯಾರೂ ಹೇಳಿರಲಿಲ್ಲ, ಯಾಕೆಂದರೆ ಬಚ್ಚಲದ ಆಚೆ ಯಾರೂ ಕೇಳಿರಲಿಲ್ಲ. ಇಷ್ಟನ್ನು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಚಾಚಾ ಇನ್ನೆರಡು ದಪ್ಪ ತಂತಿ ಹಾಕಿ, ಜೀವಾಳಿ ಸರಿಸಿ, ಅದನ್ನು ಕಪ್ಪು ಒಂದಕ್ಕೆ ಇಳಿಸಿ ಕೊಡುತ್ತಿದ್ದ. ಆದರೆ ಉಳಿಯ ಮೊನೆ ನೋಡುತ್ತಿದ್ದವನ ತುಟಿ ಅಲುಗಿತು, ಅಥವಾ ಅಲುಗಿದಂತೆ ಪದ್ಮಾಕರನಿಗೆ ಕಂಡಿತು, ಅಷ್ಟು ಸಾಕಾಯಿತು. “ನನಗಲ್ರಿ ಚಾಚಾ, ಇದು ನನಗಲ್ಲ” ಎಂದ. “ಬುವಾರಿಗೆ. ಅಮೃತ ಮಹೋತ್ಸವಕ್ಕ ಕಾಣಿಕಿ. ಅದಕ್ಕ ಕಪ್ಪು ಎರಡು ಅಂತ ಹೇಳಿದ್ದೆ. ನಾ ಸುಮ್ನ ಅವರ ಶ್ರುತಿ ಹಿಡಿದು ತೋರಿಸಿದೆ.” ಸುಳ್ಳು ಎಷ್ಟು ಚೊಕ್ಕವಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು, ಅವನ ದನಿಯಿಂದ ಅಂದು ಹೊರಟ ಒಂದೇ ಒಂದು ನಡುಗದ ಸ್ವರ ಅದು. ಚಾಚಾನ ಮುಖ ಅರಳಿಬಿಟ್ಟಿತು. “ಅಯ್ಯ ದೇವರ, ಮೊದಲ ಹೇಳಬಾರದೇನ್ರಿ. ನರಹರಿಬುವಾರಿಗೆ ನನ್ನ ಕೈಯಿನ ತಂಬೂರಿ. ಕೂಡ್ರಿ ಕೂಡ್ರಿ, ಹಂಗ ಒಯ್ಯಾಕಾಗಂಗಿಲ್ಲ. ಹೆಸರು ಕೂಡಸೋಣು.” ಬೇಡ ಎನ್ನಲು ಪದ್ಮಾಕರ ಬಾಯಿ ತೆರೆದ, ಬೇಡ ಎನ್ನಲು ಕಾರಣವೊಂದು ಬೇಕಾಗಿತ್ತು, ಅದು ಸಿಗುವಷ್ಟರಲ್ಲಿ ಮೊನೆ ನೋಡುತ್ತಿದ್ದವನೇ ಬಿಳಿಯ ಪಟ್ಟಿಯೊಂದನ್ನು ಕತ್ತರಿಸಿ ಅಕ್ಷರ ಕೊರೆಯಲು ಕೂತಾಗಿತ್ತು. ಒಂದೂವರೆ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಪದ್ಮಾಕರ ಸ್ಟೂಲಿನ ಮೇಲೆ ಕೂತು, ತಾನು ಎಂಟು ತಿಂಗಳು ಕಾದ ತಂಬೂರಿಯ ಎದೆಯ ಮೇಲೆ ‘ಪಂ. ನರಹರಿಬುವಾ ಟಿಕೇಕರ, ಸಾತಾರಾ’ ಎಂದು ಒಂದೊಂದೇ ಅಕ್ಷರ ಏಳುವುದನ್ನು ನೋಡಿದ. ‘ಟಿ’ಯ ಗುಡಿಸು ಸ್ವಲ್ಪ ಸೊಟ್ಟಗಾಯಿತು ಎಂದು ತಿದ್ದಿಸಿದ್ದೂ ಅವನೇ. ಹೊರಡುವಾಗ ಪ್ರಯಾಣಕ್ಕೆಂದು ಚಾಚಾ ತಂತಿಗಳನ್ನೆಲ್ಲ ಸಡಿಲಿಸಿ, ಗವಸು ತೊಡಿಸಿ, “ನೀವು ಶಿಷ್ಯ ಅಂದ್ರ ಶಿಷ್ಯರಪಾ. ಹೋಗ್ರಿ, ನಾ ಫೋನ್ ಮಾಡಿ ಬುವಾರಿಗೆ ಮುಬಾರಕ್ ಹೇಳ್ತೀನಿ” ಎಂದ. ಬೇಡ, ಗುಟ್ಟಾಗಿರಲಿ ಎಂದು ಹೇಳಬೇಕೆಂದು ಹೊಳೆದದ್ದು ಸ್ಟೇಷನ್ನಿನಲ್ಲಿ.

ಪ್ಯಾಸೆಂಜರಿನ ಬೋಗಿಯ ತುಂಬ ಪಂಢರಪುರದಿಂದ ಮರಳುತ್ತಿದ್ದ ವಾರಕರಿಗಳು, ತಲೆಗೊಂದರಂತೆ ಗಂಟು, ಗಂಟಿಗೊಂದರಂತೆ ಚುರುಮುರಿಯ ಚೀಲ. ಪದ್ಮಾಕರ ಹೇಗೋ ಕಿಟಕಿಯ ಪಕ್ಕ ಒಂದು ಗೇಣು ಜಾಗ ಮಾಡಿಕೊಂಡು, ತಂಬೂರಿಯ ಬುಡವನ್ನು ಕಾಲುಗಳ ನಡುವೆ ನೆಲಕ್ಕೆ ಊರಿದನೋ ಇಲ್ಲವೋ, ಎದುರಿನ ಮುದುಕಿ ಕೂಗಿಕೊಂಡಳು. ಹಣೆಗೆ ವಿಠೋಬನ ಕರಿಯ ಬುಕ್ಕದ ಪುಡಿ ಹಚ್ಚಿದ್ದ, ಒಂಬತ್ತು ಮೊಳದ ಹಸಿರು ಸೀರೆಯ ಗಟ್ಟಿ ಹೆಣ್ಣು; ರಹಿಮತಪುರದ ಠಕೂಬಾಯಿ ಎಂದು ಆಮೇಲೆ ತಿಳಿಯಿತು.

“ಅಯ್ಯ ಅಯ್ಯ, ನೆಲಕ್ಕ ಇಡಬ್ಯಾಡ್ರಿ ಅಪ್ಪಾ. ವೀಣಾ ಐತಲ್ಲ ಅದು?”

ಇದು ವಾರಕರಿಗಳ ವೀಣೆಯಲ್ಲ, ಗವಾಯಿಗಳ ತಂಬೂರಿ, ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂದು ತಿಳಿಹೇಳಬಹುದಿತ್ತು. ಇಡೀ ಬೋಗಿ ಅವನ ಕಡೆ ತಿರುಗಿತ್ತು. “ಹೌದು, ಹಂಗ ಅನ್ನಬಹುದು” ಎಂದ ಪದ್ಮಾಕರ.

“ಮತ್ತ ವೀಣಾ ಹಿಡಿದವ್ರು ಕೂಡೂದು ಎಲ್ಲರ ಉಂಟಾ? ಭುಜದ ಮ್ಯಾಲ ತಗೋರಿ. ಏ ಸರೀರ್‍ಯೋ ಎಲ್ಲಾರೂ, ವೀಣೇಕರಿಗೆ ನಿಂದ್ರಾಕ ಜಾಗಾ ಮಾಡ್ರಿ. ನಮ್ಮ ವೀಣೇಕರಿ ಮಿರಜದಾಗ ಇಳದ ಬಿಟ್ಟ, ಹೊಟ್ಟಿ ಕೆಟ್ಟಿತ್ತು. ವಿಠೋಬನ ನಿಮ್ಮನ್ನ ಕಳಿಸ್ಯಾನ.”

ಹೀಗೆ ಟಿಕೀಟು ಕೊಂಡು ಹಿಡಿದ ಸೀಟು ಹೋಯಿತು. ನಾಲ್ಕೂವರೆ ಅಡಿಯ ತಂಬೂರಿಯನ್ನು ಮಗುವಿನ ಹಾಗೆ ಎದೆಗೆ ಅಪ್ಪಿ ಅವನು ಅಲ್ಲಾಡುವ ಬೋಗಿಯ ನಡುವೆ ನಿಂತ. ವೀಣೆ ಹಿಡಿದವನ ಕಾಲಿಗೆ ಬೀಳಬೇಕೆಂದು ಅವರ ಪದ್ಧತಿ; ಅವನ ತಾಯಿಯ ವಯಸ್ಸಿನ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ, ಈಗಷ್ಟೇ ಹೊಲಿಸಿಕೊಂಡ ಉಂಗುಟಕ್ಕೆ ಹಣೆ ಮುಟ್ಟಿಸಿದರು. ಪದ್ಮಾಕರನಿಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಜೀವನದಲ್ಲಿ ಮೊದಲ ಸಲ ಸಿಕ್ಕ ಮರ್ಯಾದೆಯೂ ಆ ಕರಂದೀಕರನಿಗೆ ಸಲ್ಲಬೇಕಾದದ್ದೇನೋ ಎನ್ನಿಸಿತು. “ನಿಮ್ಮದೇನ್ರೀ ಇದು?” ಎಂದು ಠಕೂಬಾಯಿ ಗವಸನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತ ಕೇಳಿದಳು. ಗವಸಿನ ಕೆಳಗೆ ಪಂ. ನರಹರಿಬುವಾ ಟಿಕೇಕರ ಎಂಬ ಹೆಸರು ಅವನ ಅಂಗಿಯ ಗುಂಡಿಗೆ ತಾಗುತ್ತಿತ್ತು. “ನಂದ” ಎಂದ ಪದ್ಮಾಕರ. ಆ ದಿನ ಹೇಳಿದ ಒಂದೇ ನಿಜವನ್ನು ಅವನು ಓದುಬಾರದ ಮುದುಕಿಗೆ ಹೇಳಿದ್ದ.

ತಾಳ ಶುರುವಾಯಿತು. ಯಾರ ಶ್ರುತಿ, ಯಾವ ಮನೆ, ಏನೂ ಇಲ್ಲ. ಒಬ್ಬಳು ಬಾಯಿ ತೆರೆದಳು, ಉಳಿದವರು ಅಲ್ಲಿಗೆ ಬಂದು ಸೇರಿಕೊಂಡರು. ಬಾಯಿ ಮುಚ್ಚಿ ನಿಂತಿದ್ದ ಪದ್ಮಾಕರನ ಎದೆಯೊಳಗಿನಿಂದ ಏನೋ ಗುನುಗು ಹೊರಟಿತು, ತಂತಿ ಸಡಿಲಿಸಿದ ಖಾಲಿ ಬುರುಡೆ ಅದನ್ನು ಹಿಡಿದುಕೊಂಡು ದೊಡ್ಡದು ಮಾಡಿ ಅವನ ಪಕ್ಕೆಲುಬಿಗೇ ಮರಳಿ ಕೊಟ್ಟಿತು. ಎಳೆದಾಡಲಿಲ್ಲ, ನಡುಗಲಿಲ್ಲ. ಚಾಚಾ ಹೇಳಿದ ಕಪ್ಪು ಒಂದು ಇದೇ ಇರಬೇಕು. ಈ ಎತ್ತರ ತನಗೆ ಚೆನ್ನಾಗಿ ಗೊತ್ತಲ್ಲ, ಎಲ್ಲಿ ಕೇಳಿದ್ದೇನೆ ಎಂದು ಹುಡುಕಿದ. ಗೊತ್ತಾದಾಗ ಅವನು ಮೇಲಿನ ಸರಳು ಹಿಡಿದುಕೊಳ್ಳಬೇಕಾಯಿತು. ಅದು ಬುವಾರ ಈಗಿನ ಶ್ರುತಿ.

ಇದು ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿದ್ದ ಸಂಗತಿ. ನಾಲ್ಕು ವರ್ಷದ ಹಿಂದೆ ಕೊಲ್ಹಾಪುರದ ಬೈಠಕ್ಕಿನಲ್ಲಿ ಮೇಲಿನ ಷಡ್ಜಕ್ಕೆಂದು ಹೋದ ಬುವಾರ ದನಿ ಕೆಮ್ಮಾಗಿ ಮರಳಿತ್ತು. ಮುಂದಿನ ಬೈಠಕ್ಕಿಗೆ ತಂಬೂರಿ ಹಚ್ಚುವಾಗ ಪದ್ಮಾಕರ ಬಿರಡೆಯನ್ನು ಒಂದು ಕೂದಲಿನಷ್ಟು ಇಳಿಸಿದ. ಯಾರಿಗೂ ತಿಳಿಯಲಿಲ್ಲ. ಆರು ತಿಂಗಳಾದ ಮೇಲೆ ಇನ್ನೊಂದು ಕೂದಲು. ಸಾರಂಗಿಯವನು, ತಬಲೆಯವನು, ತಂಬೂರಿ ಹೇಳಿದ್ದಕ್ಕೆ ಕೂಡಿಸಿಕೊಳ್ಳುತ್ತಾರೆ. ಗುಟ್ಟು ಬಿಡಬಹುದಾದದ್ದು ಹಾರ್ಮೋನಿಯಂ ಒಂದೇ. ಬುವಾರಿಗೆ ಹಾರ್ಮೋನಿಯಂ ಎಂದರೆ ಆಗುವುದಿಲ್ಲ, ಅದು ಸಂಗೀತದ ಹೆಣ ಇಡುವ ಪೆಟ್ಟಿಗೆ ಎನ್ನುತ್ತಾರೆ, ತಮ್ಮ ಬಡಾಯಿಯನ್ನು ಮಾತ್ರ ಆ ಪೆಟ್ಟಿಗೆಯ ಮನೆಗಳಿಂದಲೇ ಅಳೆಯುತ್ತಾರೆ. “ಎಪ್ಪತ್ತು ದಾಟಿದ್ರೂ ಕಪ್ಪು ಎರಡು ಬಿಟ್ಟಿಲ್ಲ ನೋಡ್ರಿ” ಎಂದು ಅವರು ಸಭೆಗೆ ಹೇಳುವಾಗ ಹಿಂದೆ ಎಡಕ್ಕೆ ಕೂತವನೊಬ್ಬ ತಲೆ ತಗ್ಗಿಸಿ ನಗುತ್ತಿದ್ದ. ಕನಿಕರವೋ ಸೇಡೋ ಅವನಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು, ಇದೊಂದು ತನ್ನ ಕೈಕೆಲಸ, ಇದರಲ್ಲಿ ಬುವಾರಿಗೆ ಪಾಲಿಲ್ಲ ಎಂಬುದು. ಕೂದಲು ಕೂದಲಾಗಿ ಇಳಿಸುತ್ತ ಇಳಿಸುತ್ತ ಅವನ ಬೆರಳುಗಳು ನಾಲ್ಕು ವರ್ಷದಲ್ಲಿ ಬುವಾರನ್ನು ತಂದು ಕೂಡಿಸಿದ್ದು ತನ್ನದೇ ಶ್ರುತಿಯಲ್ಲಿ. ಈಗ ಅವನು ಹೊತ್ತೊಯ್ಯುತ್ತಿರುವುದು ಅಪ್ಪಟ ಕಪ್ಪು ಎರಡು. ಭಾನುವಾರದ ಮಹೋತ್ಸವದಲ್ಲಿ ಮುನ್ನೂರು ಜನರ ಎದುರು ಬುವಾ ಇದರ ಜೊತೆ ಬಾಯಿ ತೆರೆದರೆ ಏನಾಗುತ್ತದೆಂದು ಯೋಚಿಸಿದ. ಯೋಚನೆ ಬಹಳ ರುಚಿಯಾಗಿತ್ತು. ರಹಿಮತಪುರದಲ್ಲಿ ಠಕೂಬಾಯಿಯ ದಂಡು ಇಳಿದು, ಬೋಗಿ ಖಾಲಿಯಾಗಿ, ಎಷ್ಟೋ ಸೀಟು ಬರಿದಾದರೂ ಅವನು ಸಾತಾರಾದವರೆಗೆ ನಿಂತೇ ಇದ್ದ.

ಓಣಿಯ ತಿರುವಿನಲ್ಲಿ ರಿಕ್ಷಾ ನಿಂತಾಗ ಬಿಸಿಲು ಇನ್ನೂ ಇತ್ತು. ಮನೆಯ ಮುಂದೆ ಘಾಟೆ ವಕೀಲರ ಸ್ಕೂಟರು. ಒಳಗೆ, ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಈ ಹೊಸ್ತಿಲು ತುಳಿಯದ ಬುವಾ, ಇದ್ದ ಒಂದೇ ಕೈಕುರ್ಚಿಯಲ್ಲಿ ಬಿಳಿಯ ಧೋತರ ಹರಡಿ ಕೂತಿದ್ದರು. ಚಾಚಾನ ಫೋನು ಪ್ಯಾಸೆಂಜರಿಗಿಂತ ಮೊದಲೇ ತಲುಪಿತ್ತು.

“ಬಾರೋ ಪದ್ಮಾ, ಬಾ. ಗುಟ್ಟು ಮಾಡತಿಯೇನೋ ಕಳ್ಳ,” ಎಂದರು ಬುವಾ.

“ಇದಕ್ಕ ಅಂತಾರ ಗುರುಭಕ್ತಿ,” ಎಂದರು ಘಾಟೆ ವಕೀಲರು. ಅವರು ಕೋರ್ಟಿನಲ್ಲೂ ಹೀಗೇ ಮಾತಾಡುತ್ತಾರೆ, ಆದ್ದರಿಂದ ಮನೆಬಾಡಿಗೆಯ ಮೊಕದ್ದಮೆಗಳು ಮಾತ್ರ ಬರುತ್ತವೆ. “ಒಬ್ಬ ಸಾಧಾರಣ ಮನಷಾ, ಸ್ವಂತ ಹೊಟ್ಟಿ ಕಟ್ಟಿ, ಗುರುವಿಗೆ ಇಂಥಾದ್ದು ಮಾಡಸ್ತಾನ ಅಂದ್ರ! ವಹಿನಿ, ನೀವು ಭಾಗ್ಯವಂತ್ರು.”

ನಲಿನಿ ಒಗ್ಗರಣೆ ಅವಲಕ್ಕಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಮ್ಮನಿಯವ್ರು ತಮ್ಮ ತಂಬೂರಿ ತರಾಕ ಹೋಗ್ಯಾರ ಎಂದು ಬೆಳಿಗ್ಗೆ ಆರು ಮನೆಗೆ ಹೇಳಿಬಂದವಳು ಅವಳು. ಪದ್ಮಾಕರ ಗವಸು ಬಿಚ್ಚಿದ. ಅವಳು ಹತ್ತಿರ ಬಂದು, ಬಗ್ಗಿ, ಪಟ್ಟಿಯ ಮೇಲಿನದನ್ನು ಮೊದಲಿಂದ ಕೊನೆಯವರೆಗೆ ಓದಿದಳು. “ಅಕ್ಷರ ಭಾಳ ಛಂದ ಬರದಾರ,” ಎಂದಳು, ಗಂಡನ ಮುಖ ನೋಡದೆ. ಒದ್ದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

“ಹಚ್ಚು ಪದ್ಮಾ,” ಎಂದರು ಬುವಾ. “ಕಪ್ಪು ಎರಡು. ಒಂದು ‘ಸಾ’ ಹಚ್ಚಿ ನೋಡೋಣು.”

“ಎಪ್ಪತ್ತೈದಕ್ಕ ಕಪ್ಪು ಎರಡು! ಸಾಧಾರಣ ಮಾತಲ್ಲ,” ಎಂದರು ವಕೀಲರು.

ಪದ್ಮಾಕರ ಚಾಪೆಯ ಮೇಲೆ ಕೂತು ಬಿರಡೆಗೆ ಕೈ ಹಾಕಿದ. ಸಡಿಲಿದ್ದ ತಂತಿ ಏರತೊಡಗಿತು. ನಡುವೆ ಒಂದು ಕಡೆ ಅವನ ಪಕ್ಕೆಲುಬಿಗೆ ಪರಿಚಯವಿದ್ದ ಎತ್ತರ ಬಂತು. ಎಂದಿನ ಬೆರಳು ಅಲ್ಲೇ ನಿಲ್ಲುತ್ತಿತ್ತು. ಅವನು ನಲಿನಿಯ ಕಡೆ ನೋಡಿದ, ಅವಳು ಅವಲಕ್ಕಿಯ ಮೇಲೆ ಕೊಬ್ಬರಿ ಉದುರಿಸುತ್ತಿದ್ದಳು. ಐದನೇ ತಂತಿ ನೆನಪಾಯಿತು. ಅವನು ನಿಲ್ಲಿಸಲಿಲ್ಲ. ಒಂದು ಕೂದಲೂ ಕಳೆಯದೆ, ನಾಲ್ಕು ವರ್ಷದಿಂದ ಬುವಾ ಕೇಳದ ಎತ್ತರಕ್ಕೆ ತಂತಿಯನ್ನು ಒಯ್ದು ನಿಲ್ಲಿಸಿದ, ಉಳಿದ ಮೂರನ್ನೂ ಅದಕ್ಕೆ ಕೂಡಿಸಿದ, ಮೀಟಿದ. ಚಾಚಾನ ಕೈಕೆಲಸ ಕೋಣೆಯ ತುಂಬ ತುಂಬಿಕೊಂಡಿತು. ಬುವಾ ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಸ್ವಲ್ಪ ಹೊತ್ತು ಇದ್ದು ಮುಚ್ಚಿಕೊಂಡಿತು.

“ಮೊದಲ ಅವಲಕ್ಕಿ ತಿನ್ನೋಣು,” ಎಂದರು. “ಆರಿ ಹೋಗ್ತದ.”

ಅವಲಕ್ಕಿ ತಿಂದರು. ವಕೀಲರು ಎರಡು ಸಲ ಹಾಕಿಸಿಕೊಂಡು, ಕೈ ತೊಳೆಯಲು ಹಿತ್ತಲಿಗೆ ಹೋದರು. ಬುವಾ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಹತ್ತಿರದಿಂದ ಅವರ ಮುಖ ಬಹಳ ಮುದಿಯಾಗಿತ್ತು, ಮೀಸೆಗೆ ಒಂದು ಅವಲಕ್ಕಿಯ ಕಾಳು ಅಂಟಿತ್ತು.

“ಪದ್ಮಾ. ದಿನಾ ಹೆಂಗ ಹಚ್ಚತೀಯೋ, ಹಂಗ ಹಚ್ಚು.”

“ದಿನಾ ಅಂದ್ರ?”

“ನಾಲ್ಕು ವರ್ಷದಿಂದ ಹಚ್ಚಾಕತ್ತಿಯಲ್ಲಪಾ. ನನ್ನ ಕಿವಿ ಇನ್ನೂ ಹೋಗಿಲ್ಲ, ಕೊಳ್ಳು ಅಷ್ಟ ಹೋಗೇದ.” ಬುವಾ ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದರು. “ಆ ಕೊಲ್ಹಾಪುರದ ಮುಂದಿನ ಬೈಠಕ್ಕಿನ್ಯಾಗ ನೀ ಇಳಿಸಿದಿ ನೋಡು, ಅವತ್ತ ಮನಿಗೆ ಹೋಗಿ ಅತ್ತೆ. ಹೇಳೂದು ಹೆಂಗ? ಇಳಿಸು.”

ಹೀಗೆ ಅದೂ ಹೋಯಿತು. ತನ್ನದೆಂದು ನಾಲ್ಕು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡ ಒಂದೇ ಒಂದು ಕೆಲಸ, ಅದೂ ಬುವಾರಿಗೆ ಗೊತ್ತಿದ್ದೇ ನಡೆದಿತ್ತು. ಪದ್ಮಾಕರನಿಗೆ ಸಿಟ್ಟು ಬಂತು, ಮುದುಕನ ಮೀಸೆಯ ಕಾಳು ನೋಡಿ ಕರುಳು ಚುರ್ ಎಂದಿತು, ಎರಡೂ ಒಟ್ಟಿಗೇ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಕೈ ಮಾತ್ರ ಬಿರಡೆಯ ಮೇಲೆ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ತಂತಿ ಇಳಿಯಿತು, ಇಳಿದು ಎಂದಿನ ಜಾಗದಲ್ಲಿ ನಿಂತಿತು. ಹೊಸ ಬುರುಡೆ ಅಲ್ಲಿ ಬೇರೆಯೇ ಆಗಿ ನುಡಿಯಿತು, ಮೆತ್ತಗೆ, ಅಗಲವಾಗಿ. ಅವನು ಎಂದಿನಂತೆ ಬುವಾರ ಹಿಂದೆ, ಎಡಕ್ಕೆ ಸರಿದು ಕೂತ. ವಕೀಲರು ಕೈ ಒರೆಸಿಕೊಳ್ಳುತ್ತ ಬಂದು ಕೂತು, ಕಣ್ಣು ಮುಚ್ಚಿ, ತಲೆದೂಗಲು ಸಿದ್ಧರಾದರು. ನಲಿನಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಬುವಾ ಉಸಿರು ತೆಗೆದುಕೊಂಡರು.

ಹಿಂದೆ ಕೂತವನು ದನಿಗೂಡಿಸಿದರೂ ಗುರುವಿನ ದನಿ ನಿಂತಲ್ಲಿ ಮಾತ್ರ ತುಂಬಬೇಕು, ಮೊದಲು ಬಾಯಿ ತೆರೆಯಬಾರದು. ಇದು ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಶಿಸ್ತು. ಪದ್ಮಾಕರ ಹಟ ಮಾಡಬೇಕೆಂದು ಮಾಡಿದ್ದಲ್ಲ. ಬುರುಡೆ ಅವನ ಎದೆಗೆ ಒರಗಿತ್ತು, ಅದು ನುಡಿಯಿತು, ಅವನ ಬಾಯಿಯಿಂದ ‘ಸಾ’ ಹೊರಟಿತು. ಬುವಾರಿಗಿಂತ ಮೊದಲು. ಕತ್ತಿನ ನರ ಏಳಲಿಲ್ಲ. ತೀರ ಸಾದಾ ದನಿ, ಬೋಗಿಯಲ್ಲಿ ಗುನುಗಿದ್ದು, ಬಾಗಿಲಲ್ಲಿ ನಿಂತು ‘ಚಾಚಾ’ ಎಂದದ್ದು. ಅದು ಕೋಣೆಯ ಆ ಗೋಡೆಯವರೆಗೆ ಹೋಗಿ ನಿಂತುಕೊಂಡಿತು. ತಟ್ಟೆಗಳ ಸಪ್ಪಳ ನಿಂತಿತು. ಬುವಾ ಹಿಂದೆ ತಿರುಗಿದರು. ಇಪ್ಪತ್ತಾರು ವರ್ಷದಲ್ಲಿ, ಹಾಡಿಗೆ ಕೂತ ಮೇಲೆ, ಅವರು ಹಿಂದೆ ತಿರುಗಿ ನೋಡಿದ್ದು ಅದೇ ಮೊದಲು. ನೋಟದಲ್ಲಿ ಏನಿತ್ತೆಂದು ಪದ್ಮಾಕರನಿಗೆ ತಿಳಿಯಲಿಲ್ಲ, ಯಾಕೆಂದರೆ ದಂಡಿ ನಡುವೆ ಅಡ್ಡ ಇತ್ತು. ಅವನು ಅದನ್ನು ಒಂದು ಗೇಣು ಬಲಕ್ಕೆ ಸರಿಸಿದ. ದನಿ ನಡುಗುವ ಸೂಚನೆ ತೋರಿತು.

“ಈಗ ನಿಲ್ಲಿಸಬ್ಯಾಡ ಮತ್ತ,” ಎಂದರು ಬುವಾ, ಬಹಳ ಮೆಲ್ಲಗೆ.

ಅವನು ನಿಲ್ಲಿಸಲಿಲ್ಲ. ಅವನ ಉಸಿರು ಮುಗಿಯುತ್ತ ಬಂದ ಕಡೆ, ಕೆಳಗಿನಿಂದ, ಒಡೆದ ಮಡಕೆಯಂಥ ಒಂದು ಹಳೆಯ ದನಿ ಬಂದು ಆ ಸಂದನ್ನು ತುಂಬಿತು. ಅವನು ಮತ್ತೆ ಉಸಿರೆಳೆದುಕೊಂಡು ಏಳುವವರೆಗೆ ಕಾದು, ಮತ್ತೆ ಹಿಂದಾಯಿತು. ಆ ಕೆಲಸ ಎಷ್ಟು ಕಷ್ಟದ್ದೆಂದು ಪದ್ಮಾಕರನಿಗೆ ಗೊತ್ತಿತ್ತು. ಮುದುಕ ಅದನ್ನು ಚೆನ್ನಾಗಿಯೇ ಮಾಡುತ್ತಿದ್ದ.

ಘಾಟೆ ವಕೀಲರು ಕಣ್ಣು ತೆರೆಯದೆ ತೊಡೆ ತಟ್ಟಿದರು. “ವಾಹ್ ಬುವಾ, ವಾಹ್. ನೋಡ್ರಿ ವಹಿನಿ, ಈ ವಯಸ್ಸಿನ್ಯಾಗೂ ಕಪ್ಪು ಎರಡು. ಏನು ತುಂಬಿದ ದನಿ!”

“ನಮ್ಮನಿಯವ್ರದ್ರಿ ಅದು,” ಎಂದಳು ನಲಿನಿ. “ಕಣ್ಣು ತಗೀರಿ ವಕೀಲರ.”